ಪರವಿಚಾರ ಮತ್ತು ಗಡಿನಾಡಿನ ಇತಿಹಾಸಲೇಖನ

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ'ದ ಎರಡು ವಿಚಾರಗಳು ವಿದ್ವಾಂಸರ ವಲಯವನ್ನು ದಾಟಿ ಸಾರ್ವಜನಿಕ ನೆನಪಿನಲ್ಲಿ ಉಳಿದಿವೆ. ಕಾವೇರಿಗೂ ಗೋದಾವರಿಗೂ ನಡುವಣ ನಾಡು ಕನ್ನಡದ ನಾಡೆಂಬುದು ಒಂದು. ಬೇರೆಯವರ ವಿಚಾರ ಹಾಗೂ ಧರ್ಮಗಳನ್ನು ತಾಳಿಕೊಳ್ಳುವ ಶಕ್ತಿಯೇ ಸಂಪತ್ತೆಂಬುದು ಇನ್ನೊಂದು. ಒಂಬತ್ತನೆಯ ಶತಮಾನದ ನಡುವಿನಲ್ಲಿ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ ಈ ಕೃತಿಯನ್ನು ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದ ಬಳಿಕ, ಮೊದಲನೆಯ ವಿಚಾರವು ಏಕೀಕರಣದ ಭಾಷಣಗಳಿಗೂ ಗಡಿಯ ಮನವಿಪತ್ರಗಳಿಗೂ ಪ್ರಮಾಣವಾಯಿತು. ಎರಡನೆಯದು ಕನ್ನಡಿಗರ ಔದಾರ್ಯಕ್ಕೆ ಸಂದ ಪ್ರಶಸ್ತಿಪತ್ರವಾಗಿ ಉಳಿಯಿತು. ಒಂದೇ ಗ್ರಂಥದ ಈ ಎರಡು ವಿಚಾರಗಳನ್ನು ಒಂದರ ಎದುರು ಇನ್ನೊಂದನ್ನಿಟ್ಟು ಓದಿದ್ದು ಕಡಿಮೆ.

ಹಾಗೆ ಓದಿದರೆ ಒಂದು ಪ್ರಶ್ನೆ ಏಳುತ್ತದೆ: ಕಾವೇರಿ ಗೋದಾವರಿಗಳ ಬಗೆಗೆ ಬರೆಯುವಾಗಲೇ ಪರವಿಚಾರವನ್ನು ಸೈರಿಸುವುದೆಂದರೇನು? ಧರ್ಮದ ವಿಷಯದಲ್ಲಿ ಉದಾರರಾಗಿರುವುದು ಇಂದಿನ ವಿದ್ವಾಂಸನಿಗೆ ಅಷ್ಟು ಕಷ್ಟವಲ್ಲ. ತನ್ನ ಊರು, ತನ್ನ ಶಾಲೆ, ತನ್ನ ಮಕ್ಕಳ ಭಾಷೆ ಪಣಕ್ಕಿರುವಾಗ ಎದುರು ಪಕ್ಷದ ವಾದವನ್ನು ಅದರ ಪೂರ್ಣಬಲದಲ್ಲಿ ಬರೆದಿಡುವುದು ಕಷ್ಟ. ಗಡಿನಾಡಿನ ಕನ್ನಡ ಸಂಶೋಧನೆ ಈ ಕಷ್ಟವನ್ನು ಇನ್ನೂ ಸಾಕಷ್ಟು ಕೈಗೆತ್ತಿಕೊಂಡಿಲ್ಲವೆಂಬುದೂ, ಕೈಗೆತ್ತಿಕೊಂಡರೆ ನಮ್ಮ ವಾದ ದುರ್ಬಲವಾಗುವ ಬದಲು ತನ್ನ ನಿಜವಾದ ನೆಲೆಯನ್ನು ಕಂಡುಕೊಳ್ಳುತ್ತದೆಂಬುದೂ ಈ ಲೇಖನದ ಪ್ರತಿಪಾದನೆ.

1

ಭಾರತೀಯ ಶಾಸ್ತ್ರಪರಂಪರೆಗೆ ಈ ಶಿಸ್ತು ಹೊಸದಲ್ಲ. ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ನಿರೂಪಿಸುವುದು ಅದರ ಕ್ರಮ. ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರಾಗಿ ವಿಂಗಡಿಸಿತು: ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದ, ಗೆಲುವಿಗಾಗಿ ನಡೆಯುವ ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದಕ್ಕಷ್ಟೇ ನಡೆಯುವ ವಿತಂಡ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಪರಿಸರದಲ್ಲಿ ಮಾಧವಾಚಾರ್ಯರು ರಚಿಸಿದ 'ಸರ್ವದರ್ಶನಸಂಗ್ರಹ' ಚಾರ್ವಾಕ ದರ್ಶನದಿಂದ ಆರಂಭವಾಗುತ್ತದೆ. ಲೇಖಕರು ಅದ್ವೈತಿ, ವೇದವನ್ನೇ ಒಪ್ಪದ ಮತವನ್ನು ಮೊದಲ ಅಧ್ಯಾಯದಲ್ಲಿ ಅದರದೇ ತರ್ಕದ ಮೂಲಕ ನಿರೂಪಿಸುತ್ತಾರೆ. ಚಾರ್ವಾಕರ ಮೂಲಸೂತ್ರಗಳು ಇಂದು ಉಳಿದಿಲ್ಲ. ಅವರ ಬಗೆಗೆ ನಾವು ಬಲ್ಲುದರ ಬಹುಭಾಗ ಇಂಥ ವಿರೋಧಿಗಳ ಬರಹದಿಂದ ಬಂದುದು.

ಇದಕ್ಕೆ ಬೇರೆಯಾದ ಮಾದರಿಯೂ ಕನ್ನಡದಲ್ಲಿದೆ. ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವನ 'ಸಮಯಪರೀಕ್ಷೆ' ಅನ್ಯಮತಗಳನ್ನು ಲೇವಡಿಗೆ ಗುರಿಮಾಡುತ್ತದೆ. ಆ ಕಾಲದ ನಂಬಿಕೆ, ಆಚರಣೆಗಳನ್ನು ತಿಳಿಯಲು ಇತಿಹಾಸಕಾರನಿಗೆ ಅದು ಅಮೂಲ್ಯ ಆಕರ. ಆದರೆ ಅದರಲ್ಲಿ ಬರುವ ಅನ್ಯಮತೀಯನು ಆ ವರ್ಣನೆಯನ್ನು ಓದಿ 'ಹೌದು, ನಾನು ನಂಬುವುದು ಇದನ್ನೇ' ಎನ್ನಲಾರ. ಪೂರ್ವಪಕ್ಷ ಪ್ರಾಮಾಣಿಕವಾಗಿದೆಯೇ ಎಂಬುದಕ್ಕೆ ಇದೇ ಸರಳ ಒರೆಗಲ್ಲು: ಎದುರಾಳಿ ಅದರಲ್ಲಿ ತನ್ನನ್ನು ಗುರುತಿಸಿಕೊಳ್ಳಬೇಕು. ಗಡಿಯ ಕುರಿತು ಕಳೆದ ಏಳು ದಶಕಗಳಲ್ಲಿ ಕನ್ನಡ, ಮರಾಠಿ, ಮಲಯಾಳಗಳಲ್ಲಿ ಬಂದ ಬರಹದಲ್ಲಿ ಈ ಪರೀಕ್ಷೆಗೆ ನಿಲ್ಲುವಂಥದು ವಿರಳ. ಅದರ ಹೆಚ್ಚಿನ ಪಾಲು ಜಲ್ಪ. ಆಯೋಗಗಳ ಮುಂದೆ ಮಂಡಿಸಲು ಸಿದ್ಧಪಡಿಸಿದ ಮನವಿಯ ಭಾಷೆಯೇ ಮುಂದೆ ಇತಿಹಾಸದ ಭಾಷೆಯೂ ಆಯಿತೆಂಬುದು ಇದಕ್ಕೆ ಒಂದು ಕಾರಣ.

2

ಮೊದಲು ಬೆಳಗಾವಿಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ತಕರಾರು ಬಗೆಹರಿಯದೆ 1966ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕಗೊಂಡಿತು. 1967ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕೆಂದಿತು. ನಿಪ್ಪಾಣಿ, ಖಾನಾಪುರಗಳನ್ನೊಳಗೊಂಡು 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆ ಮತ್ತು ಜತ್ತ, ದಕ್ಷಿಣ ಸೊಲ್ಲಾಪುರಗಳ ಹಳ್ಳಿಗಳನ್ನು ಮೈಸೂರಿಗೂ ಶಿಫಾರಸು ಮಾಡಿತು. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದಿತು. ಮಹಾರಾಷ್ಟ್ರ, ಕೇರಳಗಳು ವರದಿಯನ್ನು ತಿರಸ್ಕರಿಸಿದವು. 'ಮಹಾಜನ ವರದಿಯೇ ಅಂತಿಮ' ಎಂಬುದು ಕರ್ನಾಟಕದ ನಿಲುವಾಯಿತು.

ಕನ್ನಡದ ಬರಹಗಳಲ್ಲಿ ಮಹಾರಾಷ್ಟ್ರದ ತಿರಸ್ಕಾರವು ಸಾಮಾನ್ಯವಾಗಿ ಹಟವಾಗಿ ಚಿತ್ರಿತವಾಗುತ್ತದೆ: ಆಯೋಗವನ್ನು ಬೇಡಿದವರೇ ಅದರ ತೀರ್ಪನ್ನು ಒಪ್ಪಲಿಲ್ಲ. ಈ ಮಾತು ಸುಳ್ಳಲ್ಲ. ಸೇನಾಪತಿ ಬಾಪಟರ ಉಪವಾಸದ ಹಿನ್ನೆಲೆಯಲ್ಲೇ ಆಯೋಗ ಬಂದಿತು. ಆದರೆ ಅದು ಎದುರು ಪಕ್ಷದ ವಾದವಲ್ಲ, ನಡತೆ. ವಾದ ಹೀಗಿದೆ.

ಆಂಧ್ರ ಹಾಗೂ ಮದ್ರಾಸುಗಳ ನಡುವಣ ಗಡಿಯನ್ನು ಪಾಟಸ್ಕರರ ಸೂತ್ರದ ಪ್ರಕಾರ ಬಗೆಹರಿಸಲಾಯಿತು. ಗ್ರಾಮವೇ ಘಟಕ, ಭಾಷಿಕ ಬಹುಸಂಖ್ಯೆ, ಭೌಗೋಳಿಕ ಸಂಲಗ್ನತೆ ಎಂಬುವು ಅದರ ಅಂಗಗಳು. ಸಂಸತ್ತು 1959ರಲ್ಲಿ ಅದಕ್ಕೆ ಶಾಸನದ ರೂಪ ಕೊಟ್ಟಿತು. ಒಂದು ಗಡಿಗೆ ನ್ಯಾಯವಾದದ್ದು ಇನ್ನೊಂದಕ್ಕೆ ಏಕೆ ಅಲ್ಲ? ಜಿಲ್ಲೆ, ತಾಲ್ಲೂಕುಗಳು ವಸಾಹತು ಆಡಳಿತದ ಅನುಕೂಲಕ್ಕೆ ಹುಟ್ಟಿದ ಗೆರೆಗಳು. ಗ್ರಾಮ ಮಾತ್ರ ಜನಜೀವನದ ಸಹಜ ಘಟಕ. 1951ರ ಜನಗಣತಿಯಂತೆ ಬೆಳಗಾವಿ ನಗರದಲ್ಲಿ ಮರಾಠಿ ಭಾಷಿಕರು ಬಹುಸಂಖ್ಯಾತರು. ಮಹಾರಾಷ್ಟ್ರ ಏಕೀಕರಣ ಸಮಿತಿಗೆ ದೊರೆತ ಚುನಾವಣಾ ಗೆಲುವುಗಳು ಜನಮತವನ್ನೂ ತೋರಿಸಿವೆ. ಅಕ್ಕಲಕೋಟೆಯ ಹಳ್ಳಿಗಳನ್ನು ಮೈಸೂರಿಗೆ ಕೊಡುವಾಗ ಜನರ ಭಾಷೆಯೇ ಪ್ರಮಾಣವಾಗುತ್ತದೆ. ಬೆಳಗಾವಿ ನಗರಕ್ಕೆ ಬಂದಾಗ ಜಿಲ್ಲಾಕೇಂದ್ರದ ಸ್ಥಾನ, ಸುತ್ತಲಿನ ಪ್ರದೇಶದ ಸಂಬಂಧ, ಆಡಳಿತದ ಹಿತ ಮುಂದೆ ಬರುತ್ತವೆ. ಇದು ಎರಡು ಅಳತೆಗೋಲು. ಎ. ಆರ್. ಅಂತುಳೆಯವರು ವರದಿಯ ಖಂಡನೆಗೆಂದೇ ಒಂದು ಪುಸ್ತಕ ಬರೆದರು. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಇದಕ್ಕೆ ನಮ್ಮಲ್ಲಿ ಉತ್ತರಗಳಿಲ್ಲವೆಂದಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರರಿದ್ದ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ಭಾಷೆಯೊಂದನ್ನೇ ಏಕೈಕ ಮಾನದಂಡವಾಗಿ ಒಪ್ಪಲಿಲ್ಲ. ನಗರವೊಂದು ತನ್ನ ಹಿನ್ನಾಡಿನಿಂದ ಬೇರೆಯಾಗಿ ಬದುಕಲಾರದೆಂಬ ಮಾತಿಗೂ ತೂಕವಿದೆ. ಆದರೆ ಪೂರ್ವಪಕ್ಷವನ್ನು ಹೀಗೆ ಪೂರ್ತಿ ಬರೆದ ಮೇಲೆ ಒಂದು ತೊಡಕು ನಮ್ಮ ಕಣ್ಣಿಗೂ ಬೀಳುತ್ತದೆ. ಬೆಳಗಾವಿಯಲ್ಲಿ ಜಿಲ್ಲೆಯನ್ನು ಒಡೆಯಬಾರದೆನ್ನುವ ನಾವು ಕಾಸರಗೋಡಿನಲ್ಲಿ ತಾಲ್ಲೂಕನ್ನೇ ನದಿಯ ಗುಂಟ ಒಡೆಯಬೇಕೆಂದು ಕೇಳಿದೆವು.

3

ಕಾಸರಗೋಡಿನ ವಿಷಯದಲ್ಲಿ ಎದುರು ಪಕ್ಷದ ವಾದ ಇನ್ನಷ್ಟು ಸೂಕ್ಷ್ಮವಾದುದು. ಇಂದಿನ ಹೊಸದುರ್ಗ ಪ್ರದೇಶವೂ ಸೇರಿದ್ದ ಅಂದಿನ ಕಾಸರಗೋಡು ತಾಲ್ಲೂಕನ್ನು ಇಡಿಯಾಗಿ ನೋಡಿದರೆ 1951ರ ಗಣತಿಯಲ್ಲಿ ಮಲಯಾಳ ಭಾಷಿಕರು ಸ್ಪಷ್ಟ ಬಹುಸಂಖ್ಯಾತರು. ನಮ್ಮವರ ಉತ್ತರ ಚಂದ್ರಗಿರಿಯ ಉತ್ತರಭಾಗವನ್ನು ಬೇರೆಯಾಗಿ ನೋಡಿ ಎಂಬುದು. ಕೇರಳದ ಪಕ್ಷ ಇಲ್ಲಿ ಮರುಪ್ರಶ್ನೆ ಹಾಕುತ್ತದೆ: ಉತ್ತರಭಾಗದಲ್ಲಿ ಮನೆಮಾತಾಗಿ ಕನ್ನಡವನ್ನಾಡುವವರು ಎಷ್ಟು ಮಂದಿ? ತುಳು, ಕೊಂಕಣಿ, ಮರಾಠಿ, ಬ್ಯಾರಿ ಭಾಷೆಗಳನ್ನಾಡುವವರನ್ನು ಕನ್ನಡದ ಲೆಕ್ಕಕ್ಕೆ ಸೇರಿಸದೆ ನಿಮ್ಮ ವಾದ ನಿಲ್ಲುತ್ತದೆಯೇ?

ಪ್ರಶ್ನೆ ತೀಕ್ಷ್ಣವಾದುದು. ನಮ್ಮ ಉತ್ತರವೂ ಹುರುಳಿಲ್ಲದ್ದಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಆ ಸೀಮೆಯಲ್ಲಿ ಕಂದಾಯ, ನ್ಯಾಯಾಲಯ, ಶಾಲೆಗಳ ಭಾಷೆ ಕನ್ನಡ. ಯಕ್ಷಗಾನ ಪ್ರಸಂಗಗಳ ಭಾಷೆ ಕನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು; ಇಬ್ಬರೂ ಕನ್ನಡದ ಕವಿಗಳು. ಮನೆಮಾತು ಬೇರೆಯಾದರೂ ಓದುಬರಹದ, ಸಾರ್ವಜನಿಕ ಜೀವನದ ಭಾಷೆಯಾಗಿ ಕನ್ನಡವನ್ನು ತಮ್ಮದಾಗಿಸಿಕೊಂಡ ಸಮುದಾಯಗಳು ಅಲ್ಲಿವೆ. ಆದ್ದರಿಂದ ಗಣತಿಯ ಮಾತೃಭಾಷಾ ಕಾಲಮ್ಮು ಆ ನಾಡಿನ ಭಾಷಾಜೀವನವನ್ನು ಪೂರ್ತಿಯಾಗಿ ತೋರಿಸದು.

ಈ ಉತ್ತರವನ್ನು ನಾವು ಬೆಳಗಾವಿ, ಧಾರವಾಡಗಳ ಇತಿಹಾಸದ ಎದುರಿಗೆ ಹಿಡಿಯಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಪೇಶ್ವೆಗಳ ಆಳ್ವಿಕೆಯ ಮುಂದುವರಿಕೆಯಾಗಿ, ಆ ಸೀಮೆಯ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ವಾಲ್ಟರ್ ಎಲಿಯಟ್ಟರು ಧಾರವಾಡದಲ್ಲಿ ಕನ್ನಡ ಶಾಲೆಗೆ ನೆರವಾದುದು, ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದುದು ಇದೇ ಸ್ಥಿತಿಯ ವಿರುದ್ಧ. ಅಂದು ಅವರ ತರ್ಕ ಹೀಗಿತ್ತು: ಕಚೇರಿಯ ಭಾಷೆ ಯಾವುದೇ ಇರಲಿ, ಜನರ ಮನೆಯ ಭಾಷೆ ಕನ್ನಡ, ಮಕ್ಕಳು ಕಲಿಯಬೇಕಾದುದು ಅದರಲ್ಲಿ. ಅಂದರೆ ಧಾರವಾಡದಲ್ಲಿ ನಾವು ಮನೆಯ ಭಾಷೆಯನ್ನು ಕಚೇರಿಯ ಭಾಷೆಯ ಎದುರು ನಿಲ್ಲಿಸಿದೆವು. ಕಾಸರಗೋಡಿನಲ್ಲಿ ಶಾಲೆ, ಕಚೇರಿಗಳ ಭಾಷೆಯನ್ನು ಮನೆಮಾತಿನ ಎಣಿಕೆಯ ಎದುರು ನಿಲ್ಲಿಸಿದೆವು. ಎರಡೂ ಕಡೆ ನಮ್ಮ ಮಾತು ನಿಜವಿರಬಹುದು. ಆದರೆ ಎರಡನ್ನೂ ಒಂದೇ ಸೂತ್ರದಡಿ ತರಲು ಹೊರಟರೆ ಒಂದನ್ನು ಬಿಡಬೇಕಾಗುತ್ತದೆ. ಒಂದೊಂದು ಸೀಮೆಯ ಸಂದರ್ಭವೂ ಬೇರೆಯೆಂದು ಹೇಳುವುದಾದರೆ ಹಾಗೆ ಹೇಳುವ ಹಕ್ಕನ್ನು ಎದುರಾಳಿಗೂ ಬಿಟ್ಟುಕೊಡಬೇಕಾಗುತ್ತದೆ. ತುಳು ತನ್ನದೇ ಅಕಾಡೆಮಿಗಳನ್ನು ಪಡೆದು ಎಂಟನೆಯ ಅನುಸೂಚಿಯಲ್ಲಿ ಸ್ಥಾನವನ್ನು ಕೇಳುತ್ತಿರುವ ಈ ಹೊತ್ತಿನಲ್ಲಿ ತುಳುವರನ್ನು ಕನ್ನಡದ ಎಣಿಕೆಗೆ ಸಹಜವಾಗಿ ಸೇರಿಸಿಕೊಳ್ಳುವುದು ಮೊದಲಿನಷ್ಟು ಸುಲಭವೂ ಅಲ್ಲ.

4

ವಾದವನ್ನು ಎದುರಿಸುವ ಬದಲು ವಾದಿಯ ಹುಟ್ಟನ್ನು ಹುಡುಕುವುದು ಜಲ್ಪದ ಹಳೆಯ ಉಪಾಯ. ಕಾಸರಗೋಡು ಕೇರಳಕ್ಕೆ ಹೋದುದಕ್ಕೆ ಆಯೋಗದಲ್ಲಿ ಮಲಯಾಳಿ ಸದಸ್ಯರೊಬ್ಬರಿದ್ದುದೇ ಕಾರಣವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅತ್ತ ಮಹಾಜನರ ನಿಷ್ಪಕ್ಷಪಾತವನ್ನು ಮಹಾರಾಷ್ಟ್ರದವರು ಶಂಕಿಸಿದಾಗ ನಮಗೆ ಅದು ಅನ್ಯಾಯವೆನಿಸುತ್ತದೆ. ಎರಡು ಶಂಕೆಗಳ ರಚನೆ ಒಂದೇ. ಪಣಿಕ್ಕರರನ್ನು ನೆನೆಯುವಾಗ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಉತ್ತರಪ್ರದೇಶವನ್ನು ವಿಭಜಿಸಬೇಕೆಂಬ ವಿಷಯದಲ್ಲಿ ಅವರು ತಮ್ಮ ಇಬ್ಬರು ಸಹೋದ್ಯೋಗಿಗಳಿಗೆ ವಿರುದ್ಧವಾದ ಟಿಪ್ಪಣಿಯನ್ನು ಬರೆದರು. ವರದಿ ಬಹುಮತದ ನಿರ್ಣಯವನ್ನೂ ಆ ಭಿನ್ನಮತವನ್ನೂ ಒಟ್ಟಿಗೆ ಹೊತ್ತು ಬಂದಿತು. ನಮ್ಮ ಗಡಿಯ ಬರಹಗಳಲ್ಲಿ ಅಂಥ ಭಿನ್ನಮತದ ಟಿಪ್ಪಣಿಗೆ ಜಾಗವಿದೆಯೇ ಎಂದು ಕೇಳಿಕೊಳ್ಳಬಹುದು.

ಶಾಸನಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರ ಸೀಮೆಗಳಲ್ಲಿ ಕನ್ನಡ ಶಾಸನಗಳು ಹೇರಳವಾಗಿವೆ. ಇದರಿಂದ ಆ ನಾಡಿನ ಮಧ್ಯಕಾಲೀನ ಸಾರ್ವಜನಿಕ ಬರಹದಲ್ಲಿ ಕನ್ನಡದ ಸ್ಥಾನ ನಿಸ್ಸಂದೇಹವಾಗಿ ಸಿದ್ಧಿಸುತ್ತದೆ. ಆದರೆ ಶಾಸನವಿದ್ದಲ್ಲಿ ನೆಲವೂ ತಮ್ಮದೆಂಬ ತರ್ಕವನ್ನು ಹಿಡಿದರೆ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳುಗಳ ಜೊತೆಗೆ ಮರಾಠಿ ಬರಹವೂ ಇದೆಯೆಂಬುದನ್ನು ಏನು ಮಾಡುವುದು? ಅದರಿಂದ ಯಾರೂ ಬೆಳಗೊಳವನ್ನು ಮರಾಠಿಯದೆನ್ನಲಾರರು. ನಾವು ನಿರಾಕರಿಸುವ ತರ್ಕವನ್ನು ನಾವೇ ಬಳಸಲಾಗದು.

ಎದುರು ಪಕ್ಷದ ಪ್ರಬಲ ವಿಚಾರವನ್ನು ಒಬ್ಬ ವಿದ್ವಾಂಸ ಹೇಗೆ ಒಳಗೆ ಬಿಟ್ಟುಕೊಳ್ಳಬಲ್ಲ ಎಂಬುದಕ್ಕೆ ಮರಾಠಿಯಲ್ಲೇ ಒಂದು ನಿದರ್ಶನವಿದೆ. ಶಂ. ಬಾ. ಜೋಶಿಯವರು 1930ರ ದಶಕದಿಂದ ಸ್ಥಳನಾಮ, ಕುಲನಾಮಗಳ ಆಧಾರದ ಮೇಲೆ ಇಂದಿನ ಮಹಾರಾಷ್ಟ್ರದ ತಳದಲ್ಲಿ ಕನ್ನಡದ ಪದರವೊಂದಿದೆಯೆಂದು ವಾದಿಸಿದರು. ಮರಾಠಿ ಅಭಿಮಾನಕ್ಕೆ ಇದು ಕಹಿಯಾದ ಮಾತು. ಆದರೆ ರಾ. ಚಿಂ. ಢೇರೆಯವರು 1984ರ 'ಶ್ರೀವಿಠ್ಠಲ: ಏಕ್ ಮಹಾಸಮನ್ವಯ'ದಲ್ಲಿ, ಮಹಾರಾಷ್ಟ್ರದ ಭಕ್ತಿಜೀವನದ ಕೇಂದ್ರವಾದ ಪಂಢರಪುರದ ದೈವದ ಬೇರುಗಳನ್ನೇ ದಕ್ಷಿಣದ ಗೊಲ್ಲ, ಕುರುಬ, ಧನಗರ ಸಮುದಾಯಗಳಲ್ಲಿ, ಕನ್ನಡ ಸಂಸ್ಕೃತಿಯ ನೆರೆಯಲ್ಲಿ ಹುಡುಕಿದರು. ಹೊಯ್ಸಳ ಸೋಮೇಶ್ವರನ 1237ರ ಪಂಢರಪುರದ ಶಾಸನ, ವಿಠ್ಠಲನನ್ನು ಕನ್ನಡಿಗನೆನ್ನುವ ಸಂತವಾಣಿ ಇವೆಲ್ಲ ಅವರ ಮುಂದಿದ್ದವು. ಆ ಕೃತಿಗೆ 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಢೇರೆಯವರು ಇದರಿಂದ ವಿಠ್ಠಲನನ್ನು ಕಳೆದುಕೊಳ್ಳಲಿಲ್ಲ. ಯಾರ ದೇವರೆಂಬ ವ್ಯಾಜ್ಯವನ್ನು ಸಮನ್ವಯದ ಚರಿತ್ರೆಯಾಗಿ ಮಾರ್ಪಡಿಸಿದರು. ಕನ್ನಡದ ಕಡೆಯಿಂದ, ನಮ್ಮ ಹೆಮ್ಮೆಯ ಒಂದು ನೆಲೆಯಲ್ಲಿ ಮರಾಠಿಯದೋ ತೆಲುಗಿನದೋ ಪಾಲನ್ನು ಅಷ್ಟೇ ನಿಷ್ಠುರವಾಗಿ ಶೋಧಿಸಿದ ಕೃತಿ ಬರಬೇಕಾಗಿದೆ.

5

ಈವರೆಗಿನ ವಿವೇಚನೆ ಕಳೆದುಹೋದ ಗಡಿರೇಖೆಗಳ ಬಗೆಗಾಯಿತು. ಇಂದು ಗಡಿನಾಡಿನ ಮಗುವಿಗೆ ತಟ್ಟುವ ಪ್ರಶ್ನೆ ಶಾಲೆಯದು. ಅಲ್ಲಿಯೂ ನಮಗೆ ವಿರುದ್ಧವಾದ ಪ್ರಬಲ ವಿಚಾರವೊಂದಿದೆ.

ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ತಂದಿತು. ಹೊಸೂರು, ತಾಳವಾಡಿಗಳ ಕನ್ನಡ ಶಾಲೆಗಳಿಗೆ ಅದು ತಟ್ಟಿತು. ಕೇರಳ 2017ರಲ್ಲಿ ಮಲಯಾಳ ಕಲಿಕೆಯ ಕಾಯ್ದೆಯನ್ನು ತಂದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು. ಮಹಾರಾಷ್ಟ್ರ 2020ರಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿತು. ಈ ಕಾಯ್ದೆಗಳ ಹಿಂದಿನ ವಾದವನ್ನು ಅದರ ಪ್ರತಿಪಾದಕರ ಬಾಯಲ್ಲೇ ಕೇಳೋಣ: ರಾಜ್ಯದ ಭಾಷೆಯನ್ನು ಕಲಿಯದ ಮಗು ಮುಂದೆ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ನೌಕರಿಯ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ, ಅಲ್ಪಸಂಖ್ಯಾತ ಶಾಲೆಯ ಹೆಸರಿನಲ್ಲಿ ಆ ಮಗುವನ್ನು ರಾಜ್ಯದ ಸಾರ್ವಜನಿಕ ಜೀವನದಿಂದ ಹೊರಗಿಡುವುದು ಅದಕ್ಕೆ ಮಾಡುವ ಉಪಕಾರವಲ್ಲ, ಇಂಗ್ಲಿಷಿನ ಒತ್ತಡದ ಕಾಲದಲ್ಲಿ ರಾಜ್ಯಭಾಷೆಗೆ ಶಾಸನದ ಆಸರೆ ಬೇಕೇಬೇಕು.

ಈ ವಾದ ನಮಗೆ ಅಪರಿಚಿತವಲ್ಲ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಸಮರ್ಥನೆಯಲ್ಲಿ ನಾವು ಬಳಸಿದ ಮಾತುಗಳೂ ಹೆಚ್ಚುಕಡಿಮೆ ಇವೇ. ಖಾನಾಪುರದ ಮರಾಠಿ ಪಾಲಕರಿಗೆ ನಾವು ಹೇಳುವುದನ್ನೇ ಮಂಜೇಶ್ವರದ ಕನ್ನಡ ಪಾಲಕರಿಗೆ ಕೇರಳ ಹೇಳುತ್ತದೆ, ಜತ್ತಿನವರಿಗೆ ಮಹಾರಾಷ್ಟ್ರ ಹೇಳುತ್ತದೆ. ಹೀಗಿರುವಾಗ ಇದನ್ನು ದುರುದ್ದೇಶವೆಂದು ತಳ್ಳಿಹಾಕುವ ದಾರಿ ನಮಗಿಲ್ಲ. ಗಂಭೀರವಾಗಿ ತೆಗೆದುಕೊಂಡು ಉತ್ತರಿಸಬೇಕು.

ಉತ್ತರಿಸಲು ಹೊರಟಾಗ ನಮ್ಮ ವಾದದ ಗಟ್ಟಿಯಾದ ಭಾಗ ಯಾವುದೆಂದು ತಿಳಿಯುತ್ತದೆ. ರಾಜ್ಯಭಾಷೆಯನ್ನು ಕಲಿಸಬಾರದೆಂಬುದು ನಮ್ಮ ವಾದವಲ್ಲ. ಕಲಿಕೆಯ ಮೊದಲ ವರ್ಷಗಳು ಮಗುವಿಗೆ ತಿಳಿಯುವ ಭಾಷೆಯಲ್ಲಿರಬೇಕು; ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕ ಬರಬೇಕು; ಪಠ್ಯಪುಸ್ತಕ ಸಕಾಲಕ್ಕೆ ಸಿಗಬೇಕು; ಕಚೇರಿ ಕನ್ನಡದ ಅರ್ಜಿಯನ್ನು ಸ್ವೀಕರಿಸಬೇಕು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ, 350ಬಿ ವಿಧಿಗಳು ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣವನ್ನೂ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನೂ ಕಲ್ಪಿಸಿದ್ದು ಇದಕ್ಕಾಗಿಯೇ. ಗಡಿ ಎಲ್ಲಿ ಎಳೆದರೂ ಆಚೀಚೆ ಅಲ್ಪಸಂಖ್ಯಾತರು ಉಳಿಯುತ್ತಾರೆಂದು ಗಡಿಗಳನ್ನೆಳೆದ ಕಾಲವೇ ಬಲ್ಲುದಾಗಿತ್ತು. ಈ ವಾದ ಪುರಾತನ ಸೀಮೆಯನ್ನಾಗಲಿ ಶಾಸನಗಳ ಎಣಿಕೆಯನ್ನಾಗಲಿ ಅವಲಂಬಿಸದು. ಆದ್ದರಿಂದ ಎದುರಾಳಿಯ ಯಾವ ಪುರಾತನ ಪ್ರಮಾಣದಿಂದಲೂ ಅದು ಬೀಳದು. ಅದಕ್ಕಿರುವ ಕರಾರು ಒಂದೇ: ಕಾಸರಗೋಡಿನಲ್ಲಿ ಕೇಳುವುದನ್ನು ಬೆಳಗಾವಿಯಲ್ಲಿ ಕೊಡಬೇಕು.

6

ಈ ಲೇಖನದ ನಿಲುವಿಗೇ ವಿರುದ್ಧವಾದ ಪ್ರಬಲ ವಿಚಾರವೊಂದಿದೆ. ಅದನ್ನು ಬರೆಯದೆ ಮುಗಿಸಿದರೆ ಇಷ್ಟು ಹೊತ್ತು ಹೇಳಿದ ಮಾತಿಗೇ ತಪ್ಪಿದಂತಾಗುತ್ತದೆ.

ಪೂರ್ವಪಕ್ಷ, ಸಿದ್ಧಾಂತಗಳ ಶಿಸ್ತು ಸಮಬಲರ ನಡುವಿನದು. ರಾಜಸಭೆಯಲ್ಲಿ ವಾದಿಸುವ ಇಬ್ಬರು ಪಂಡಿತರಿಗೆ ಅದು ಸಲ್ಲುತ್ತದೆ. ಗಡಿನಾಡಿನ ಅಲ್ಪಸಂಖ್ಯಾತನ ಎದುರಿಗಿರುವುದು ಸರಕಾರ. ಅವನ ಪ್ರಾಮಾಣಿಕ ತಪ್ಪೊಪ್ಪಿಗೆಯನ್ನು ಎದುರು ಪಕ್ಷದ ವಕೀಲ ಉಲ್ಲೇಖಿಸುತ್ತಾನೆ. ಎದುರು ಪಕ್ಷ ಅಂಥ ತಪ್ಪೊಪ್ಪಿಗೆ ಮಾಡುವುದಿಲ್ಲ. ಮುಚ್ಚುವ ಭಯದಲ್ಲಿರುವ ಶಾಲೆಯ ಪೋಷಕರಿಗೆ 'ಮೊದಲು ಎದುರಾಳಿಯ ವಾದವನ್ನು ಅರಿಯಿರಿ' ಎನ್ನುವುದು ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತವರ ಸುಖದ ಮಾತು. ಅಲ್ಲದೆ ಕರ್ನಾಟಕದ ಒಳಗಿನ ಸರಕಾರದ ನೀತಿಗೆ ಕಾಸರಗೋಡಿನ ಕನ್ನಡಿಗ ಏಕೆ ಹೊಣೆಯಾಗಬೇಕು?

ಈ ಆಕ್ಷೇಪದಲ್ಲಿ ಸತ್ಯವಿದೆ. ಹೋರಾಟಗಾರನ ಮನವಿಪತ್ರದಿಂದ ಈ ಶಿಸ್ತನ್ನು ನಿರೀಕ್ಷಿಸುವುದು ತಪ್ಪು. ಮನವಿ ಒಂದು ಪಕ್ಷದ ಪರವಾಗಿಯೇ ಇರಬೇಕು. ಬೆಳಗಾವಿಯ ನೀತಿಗೆ ಕಾಸರಗೋಡಿನ ಪಾಲಕ ಹೊಣೆಯಲ್ಲವೆಂಬುದೂ ಸರಿ. ಆ ಹೊಣೆ ಎರಡು ಭಾಷೆಗಳನ್ನು ಬಲ್ಲ ಸಂಶೋಧಕನದು. ಮರಾಠಿ, ಮಲಯಾಳ, ತಮಿಳು, ತೆಲುಗುಗಳನ್ನು ಓದಬಲ್ಲ ಗಡಿನಾಡಿನ ವಿದ್ವಾಂಸನಿಗೆ ಎದುರು ಪಕ್ಷದ ವಾದ ಗಾಳಿಮಾತಾಗಿ ಬರುವುದಿಲ್ಲ, ಮೂಲದಲ್ಲೇ ದೊರೆಯುತ್ತದೆ. ಬೆಂಗಳೂರಿನ ಏಕಭಾಷಿಕ ಅಭಿಮಾನಿಗಿಲ್ಲದ ಈ ಅನುಕೂಲವನ್ನು ಅವನು ಬಳಸದಿದ್ದರೆ ಬೇರೆ ಯಾರೂ ಬಳಸಲಾರರು. ತಪ್ಪೊಪ್ಪಿಗೆಯನ್ನು ವಕೀಲ ಉಲ್ಲೇಖಿಸುತ್ತಾನೆಂಬ ಭಯಕ್ಕೆ ಉತ್ತರವಿಷ್ಟೆ: ನಮ್ಮ ವಾದದ ದೋಷವನ್ನು ನಾವು ಬರೆಯದಿದ್ದರೂ ಅವನು ಕಂಡುಹಿಡಿಯುತ್ತಾನೆ. ನಾವೇ ಮೊದಲು ಕಂಡರೆ ಆ ದೋಷವನ್ನು ಅವಲಂಬಿಸದ ವಾದವನ್ನು ಕಟ್ಟಲು ಸಮಯ ಸಿಗುತ್ತದೆ.

ಕೆಲಸದ ಮಟ್ಟದಲ್ಲಿ ಇದು ದೊಡ್ಡ ಬದಲಾವಣೆಯನ್ನೇನೂ ಬೇಡುವುದಿಲ್ಲ. ಗಡಿ ಕುರಿತ ಮರಾಠಿ ಹಾಗೂ ಮಲಯಾಳದ ಪ್ರಮುಖ ಮನವಿಗಳು, ಖಂಡನೆಗಳು ಸಂಕ್ಷೇಪವಿಲ್ಲದೆ ಕನ್ನಡಕ್ಕೆ ಬರಬೇಕು. ಪ್ರತಿ ಪ್ರಬಂಧದಲ್ಲಿ ಎದುರು ಪಕ್ಷದ ನಿರೂಪಣೆಯನ್ನು ಆ ಭಾಷೆಯ ವಿದ್ವಾಂಸರೊಬ್ಬರು ಓದಿ 'ನಮ್ಮ ಮಾತು ಇದೇ' ಎಂದು ಒಪ್ಪಬೇಕು. ಒಂದು ಗಡಿಯಲ್ಲಿ ಬಳಸುವ ತತ್ತ್ವವನ್ನು ಉಳಿದ ಗಡಿಗಳ ಮೇಲೆ ಇಟ್ಟು ನೋಡಬೇಕು: ಆದವಾನಿಗೆ ಹೇಳುವುದು ಬಳ್ಳಾರಿಗೂ ಸಲ್ಲುತ್ತದೆಯೇ, ತಾಳವಾಡಿಗೆ ಹೇಳುವುದು ಕೊಳ್ಳೇಗಾಲಕ್ಕೂ ಸಲ್ಲುತ್ತದೆಯೇ ಎಂದು ಕೇಳಬೇಕು. ಕವಿರಾಜಮಾರ್ಗಕಾರನು ಸೈರಣೆಯನ್ನು ಶಕ್ತಿಯ ಮಾತಾಗಿ ಆಡಿದ್ದಾನೆ. ಆ ಶಕ್ತಿ ನಮ್ಮಲ್ಲಿದೆಯೇ ಎಂಬುದು, ನಮಗೆ ಯಾವ ನಷ್ಟವೂ ಇಲ್ಲದ ವಿಷಯದಲ್ಲಲ್ಲ, ಅವನೇ ಹೆಸರಿಸಿದ ಆ ಎರಡು ನದಿಗಳ ವಿಷಯದಲ್ಲಿ ತಿಳಿಯುತ್ತದೆ.